ವಾಕಿಂಗ್ ಒಂದೇ ಸಾಕಾ? ವಯಸ್ಸಾದ ಮೇಲೆ ಕೈಕಾಲಿನ ಬಲ ಉಳಿಸಿಕೊಳ್ಳುವುದು ಹೇಗೆ?

ಸಂಜೆಗಾಳಿ:

ಎಲ್ಲರಿಗೂ ನಮಸ್ಕಾರ. ನನಗೆ 68 ವರ್ಷ. ಬೆಳಿಗ್ಗೆ ವಾಕಿಂಗ್ ತಪ್ಪಿಸುವುದಿಲ್ಲ. ಸಕ್ಕರೆ, ಬಿಪಿ ಎರಡೂ ಹತೋಟಿಯಲ್ಲಿವೆ. ಆದರೆ ಈಚೆಗೆ ತಗ್ಗಿನ ಸೋಫಾದಿಂದ ಕೈ ಊರದೆ ಏಳಲು ಆಗುತ್ತಿಲ್ಲ. ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಕಂಬಿ ಹುಡುಕುತ್ತದೆ. ತುಂಬಿದ ಬಕೆಟ್ ಎತ್ತಿದರೆ ನಾಲ್ಕು ಹೆಜ್ಜೆಗೆ ಕೆಳಗಿಡಬೇಕು. ಡಾಕ್ಟರ್ ನೋಡಿ, "ಕಾಯಿಲೆ ಏನೂ ಇಲ್ಲ, ಬಲ ಕಡಿಮೆಯಾಗಿದೆ, ವ್ಯಾಯಾಮ ಮಾಡಿ" ಎಂದರು. ಮಾಡುತ್ತಲೇ ಇದ್ದೇನಲ್ಲ ಅಂತ ನನಗೆ ಗೊಂದಲ.

ನೂರು ವರ್ಷ ಬದುಕಬೇಕು ಅನ್ನುವ ಆಸೆ ನನಗಿಲ್ಲ. ಇರುವಷ್ಟು ದಿನ ನನ್ನ ಸ್ನಾನ ನಾನೇ ಮಾಡಿಕೊಳ್ಳಬೇಕು. ರಾತ್ರಿ ಬಾತ್‌ರೂಮಿಗೆ ಹೋಗಲು ಯಾರನ್ನೂ ಎಬ್ಬಿಸಬಾರದು. ಅದಕ್ಕೆ ವಾಕಿಂಗ್ ಸಾಲದಾ? ಜಿಮ್‌ಗೆ ಹೋಗಲೇಬೇಕಾ? ತಿಳಿದವರು, ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕೀಲುಮಾತು:

ಸರ್, ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರ ಜೊತೆಯಲ್ಲೇ ನನ್ನ ಕೆಲಸ. ನಿಮ್ಮ ಪ್ರಶ್ನೆ ಬಹಳ ಜನರದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ವಾಕಿಂಗ್ ಬಿಡಬೇಡಿ. ಹೃದಯ, ಸಕ್ಕರೆ, ನಿದ್ದೆ, ಮನಸ್ಸು ಎಲ್ಲಕ್ಕೂ ಅದು ಒಳ್ಳೆಯದು. ಆದರೆ ಸಮನೆಲದ ಮೇಲೆ ನಡೆಯುವಾಗ ತೊಡೆಯ ಸ್ನಾಯು ತನ್ನ ಬಲದಲ್ಲಿ ಸ್ವಲ್ಪವನ್ನಷ್ಟೇ ಬಳಸುತ್ತದೆ. ತಗ್ಗಿನ ಸೋಫಾದಿಂದ ಏಳಲು, ಮೆಟ್ಟಿಲು ಹತ್ತಲು ಅದಕ್ಕಿಂತ ತುಂಬಾ ಜಾಸ್ತಿ ಬೇಕು. ನಾವು ಕೇಳದೇ ಇರುವ ಬಲವನ್ನು ದೇಹ ಉಳಿಸಿಕೊಳ್ಳುವುದಿಲ್ಲ. ನೀವು ದಿನಾ ನಡೆಯುತ್ತೀರಿ, ಅದಕ್ಕೇ ನಡಿಗೆ ಚೆನ್ನಾಗಿದೆ. ಏಳುವ ಬಲವನ್ನು ಕೇಳಿಲ್ಲ, ಅದು ಇಳಿದಿದೆ.

30 ವರ್ಷ ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. 60ರ ನಂತರ ಇನ್ನೂ ಬೇಗ. ಸ್ನಾಯುವಿನ ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ, ಬಲಕ್ಕಿಂತಲೂ ಬೇಗ ಚುರುಕು ಇಳಿಯುತ್ತದೆ. ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳುತ್ತೇವಲ್ಲ, ಆ ಕೆಲಸ ಮಾಡುವುದು ಸ್ನಾಯುವಿನೊಳಗಿನ ವೇಗದ ನಾರುಗಳು. ವಯಸ್ಸಾದಂತೆ ಹೆಚ್ಚು ಸೊರಗುವುದು ಅವೇ. ನಿಧಾನವಾಗಿ ನಡೆದರೆ ಅವಕ್ಕೆ ಕೆಲಸ ಸಿಗುವುದೇ ಕಡಿಮೆ. ವಯಸ್ಸಾದಂತೆ ಸ್ನಾಯು, ಬಲ ಹೀಗೆ ಇಳಿಯುವುದನ್ನು ಡಾಕ್ಟರುಗಳು ಸಾರ್ಕೋಪೀನಿಯಾ ಅನ್ನುತ್ತಾರೆ. ಅರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ 1989ರಲ್ಲಿ ಇಟ್ಟ ಹೆಸರು ಅದು. ಅಮೆರಿಕದಲ್ಲಿ ಇದಕ್ಕೆ ಕಾಯಿಲೆಗಳ ಪಟ್ಟಿಯಲ್ಲಿ ಸ್ವಂತ ಸಂಖ್ಯೆ ಸಿಕ್ಕಿದ್ದು 2016ರಲ್ಲಿ. ಅಲ್ಲಿಯವರೆಗೆ "ವಯಸ್ಸಾಯ್ತು, ಇನ್ನೇನು" ಅನ್ನುವ ಮಾತಿನಲ್ಲೇ ಮುಗಿಯುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲೂ 65 ದಾಟಿದವರಿಗೆ ನಡಿಗೆಯಂಥ ವ್ಯಾಯಾಮ ವಾರಕ್ಕೆ 150ರಿಂದ 300 ನಿಮಿಷ ಎಂದಿದೆ. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 3 ದಿನ ಬ್ಯಾಲೆನ್ಸ್ ಮತ್ತು ಬಲ ಎರಡೂ ಸೇರಿದ ವ್ಯಾಯಾಮ ಬೇಕು ಎಂದಿದೆ. ನಮ್ಮಲ್ಲಿ ಬಹುತೇಕರು ಮೊದಲ ಸಾಲನ್ನು ಮಾತ್ರ ಕೇಳಿಸಿಕೊಂಡಿದ್ದೇವೆ.

ಶುರು ಮಾಡಲು ಜಿಮ್ ಬೇಡ, ಒಂದು ಗಟ್ಟಿ ಕುರ್ಚಿ ಸಾಕು. ಜಾರದ ಹಾಗೆ ಗೋಡೆಗೆ ತಾಗಿಸಿಡಿ. ಕುರ್ಚಿಯ ಮುಂಭಾಗಕ್ಕೆ ಸರಿದು ಕೂರಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಈಗ ಎದೆಯನ್ನು ಮುಂದಕ್ಕೆ ಬಾಗಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರಲಿ. ಬಹಳ ಜನ ಎಡವುವುದು ಇಲ್ಲೇ. ಬೆನ್ನು ನೆಟ್ಟಗಿಟ್ಟುಕೊಂಡೇ ಮೇಲಕ್ಕೆ ಏಳಲು ನೋಡುತ್ತಾರೆ. ಭಾರವೆಲ್ಲ ಹಿಂದೆಯೇ ಉಳಿದು ಧೊಪ್ಪನೆ ಮತ್ತೆ ಕೂರುತ್ತಾರೆ. ಭಾರ ಪಾದದ ಮೇಲೆ ಬಂತು ಅನಿಸಿದ ಮೇಲೆ ನೆಲವನ್ನು ಒತ್ತಿ, ಉಸಿರು ಬಿಡುತ್ತಾ ಏಳಿ. ಪೂರ್ತಿ ನೆಟ್ಟಗೆ ನಿಲ್ಲಿ. ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ಈ ಇಳಿಯುವ ಭಾಗವನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ತೊಡೆಗೆ ಬಲ ಬರುವುದರಲ್ಲಿ ಅದರ ಪಾಲು ದೊಡ್ಡದು. ಮೊದಮೊದಲು ಕೈ ಊರಿದರೂ ಪರವಾಗಿಲ್ಲ. ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಬರೀ ಬೆರಳ ತುದಿ, ಹೀಗೆ ಕಡಿಮೆ ಮಾಡುತ್ತಾ ಬನ್ನಿ. ಎಂಟು ಹತ್ತು ಸಲ ಆದ ಮೇಲೆ ಸುಧಾರಿಸಿಕೊಂಡು ಇನ್ನೊಂದು ಸುತ್ತು. ದಿನ ಬಿಟ್ಟು ದಿನ ಮಾಡಿ.

ಜೊತೆಗೆ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಎರಡೂ ಕೈಯಲ್ಲಿ ಸಮಭಾರದ ಚೀಲ ಹಿಡಿದು ಮನೆಯೊಳಗೇ ಓಡಾಡುವುದು. ನಿಮ್ಮ ಬಕೆಟ್ ತೊಂದರೆಗೆ ಇದೇ ಮದ್ದು.

ಮಲ್ಲಿಗೆಬಳ್ಳಿ:

ತುಂಬಾ ಚೆನ್ನಾಗಿ ಬಿಡಿಸಿ ಹೇಳಿದಿರಿ. ನನಗೆ 72. ಎರಡೂ ಮಂಡಿ ಸವೆದಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ. ಕುರ್ಚಿಯಿಂದ ಎದ್ದು ಕೂತು ಮಾಡಿದರೆ ಇನ್ನಷ್ಟು ಸವೆಯುವುದಿಲ್ವಾ? ಮನೆಯಲ್ಲಿ ಎಲ್ಲರೂ "ಮಂಡಿಗೆ ರೆಸ್ಟ್ ಕೊಡಿ" ಅನ್ನುತ್ತಾರೆ.

ಕೀಲುಮಾತು:

ಮೇಡಂ, ಮಂಡಿ ಸವೆತಕ್ಕೆ ಮೊದಲು ಹೇಳುವ ಚಿಕಿತ್ಸೆಯೇ ವ್ಯಾಯಾಮ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ ಹೆಚ್ಚು. ರೆಸ್ಟ್ ಅಂತ ಕೂತರೆ ಆ ಸ್ನಾಯು ಸೊರಗುತ್ತದೆ, ಮಂಡಿ ಇನ್ನಷ್ಟು ನೋಯುತ್ತದೆ, ನೋವಿಗೆ ಹೆದರಿ ಇನ್ನಷ್ಟು ಕೂರುತ್ತೇವೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನಮಗಾಗುವ ನೋವಿಗೂ ನೇರ ಲೆಕ್ಕವಿಲ್ಲ. ಚಿತ್ರ ಕೆಟ್ಟದಾಗಿದ್ದರೂ ಆರಾಮಾಗಿ ಓಡಾಡುವವರು ಎಷ್ಟೋ ಜನ ಇದ್ದಾರೆ.

ನಿಮಗೆ ಒಂದು ಅಳತೆ ಹೇಳುತ್ತೇನೆ. ಮಾಡುವಾಗ ಸ್ವಲ್ಪ ನೋವು ಇದ್ದರೆ ಪರವಾಗಿಲ್ಲ. ಮರುದಿನದ ಹೊತ್ತಿಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ಅಥವಾ ಮಂಡಿ ಊದಿದರೆ, ಮುಂದಿನ ಸಲ ಎಣಿಕೆ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಕುರ್ಚಿ ಸ್ವಲ್ಪ ಎತ್ತರದ್ದಿದ್ದರೆ ಮಂಡಿ ಕಡಿಮೆ ಬಾಗುತ್ತದೆ, ಅಲ್ಲಿಂದ ಶುರು ಮಾಡಿ. ಮಂಡಿ ಕೆಂಪಾಗಿ ಬಿಸಿಯಾಗಿದ್ದರೆ ಅಥವಾ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ ಹಾಗಾದರೆ ಮೊದಲು ಡಾಕ್ಟರಿಗೆ ತೋರಿಸಿ.

ನೇರನುಡಿ:

ಎಲ್ಲಾ ಸರಿ. ಆದರೆ 80 ದಾಟಿದವರಿಗೆ ಇದನ್ನೆಲ್ಲ ಹೇಳಿ ಏನು ಪ್ರಯೋಜನ? ಮುಪ್ಪು ಅನ್ನುವುದು ಸಹಜ. ಅವರ ಪಾಡಿಗೆ ಅವರನ್ನು ನೆಮ್ಮದಿಯಾಗಿ ಇರಲು ಬಿಡಬೇಕು ಅಂತ ನನಗೆ ಅನಿಸುತ್ತದೆ.

ಹಳೇಸೈಕಲ್:

ನೇರನುಡಿಯವರೇ, ನಿಮ್ಮ ಮಾತಿನ ಹಿಂದಿರುವ ಕಾಳಜಿ ಗೊತ್ತಾಗುತ್ತದೆ. ಆದರೆ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಒಂದು ಅಧ್ಯಯನ ಮಾಡಿದ್ದರು. ಅದು 1990ರಲ್ಲಿ ಪ್ರಕಟವಾಯಿತು. ಸೇರಿದ್ದವರು 10 ಜನ, ಎಲ್ಲರೂ 86ರಿಂದ 96 ವರ್ಷದವರು. 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಸುಮ್ನೆ ಕೈಕಾಲು ಆಡಿಸುವುದಲ್ಲ, ಅವರವರ ಮಟ್ಟಕ್ಕೆ ಸಾಕಷ್ಟು ಗಟ್ಟಿ ಭಾರವೇ. ಕೊನೆಗೆ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು.

10 ಜನ ಕಡಿಮೆಯಾಯಿತು ಅನ್ನಬಹುದು. 1994ರಲ್ಲಿ ಅದೇ ತಂಡ 100 ಜನರ ಮೇಲೆ 10 ವಾರ ನೋಡಿತು. ವ್ಯಾಯಾಮ ಮಾಡಿದವರ ಬಲ ಎರಡು ಪಟ್ಟು ದಾಟಿತು, ನಡಿಗೆಯ ವೇಗ ಸುಮಾರು ಶೇ 12 ಹೆಚ್ಚಿತು, ಮೆಟ್ಟಿಲು ಹತ್ತುವ ಶಕ್ತಿ ಶೇ 28ರಷ್ಟು ಹೆಚ್ಚಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕೊಟ್ಟವರಲ್ಲಿ ಈ ಬದಲಾವಣೆ ಕಾಣಲಿಲ್ಲ.

ಫ್ರಾನ್ಸಿನ ರೋಬೆರ್ ಮಾರ್ಶಾಂ 2017ರಲ್ಲಿ 105ನೇ ವಯಸ್ಸಿನಲ್ಲಿ ಒಂದು ಗಂಟೆಯಲ್ಲಿ 22.547 ಕಿಲೋಮೀಟರ್ ಸೈಕಲ್ ತುಳಿದರು. 101ರಿಂದ 103 ವರ್ಷದ ನಡುವೆ ಅವರ ಅಭ್ಯಾಸದ ರೀತಿ ಬದಲಿಸಿದ್ದರು. ಆ ಎರಡು ವರ್ಷದಲ್ಲಿ ಅವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಶೇ 13 ಹೆಚ್ಚಾಗಿತ್ತು. ನೂರು ದಾಟಿದ ಮೇಲೆ!

ನೇರನುಡಿ:

ಮಾರ್ಶಾಂ ಅಂಥವರು ಕೋಟಿಗೊಬ್ಬರು. ಅವರನ್ನು ತೋರಿಸಿದರೆ ನಮ್ಮಂಥವರ ಮನೆಯ ಹಿರಿಯರು "ಅದೆಲ್ಲ ನಮ್ಮ ಕೈಲಾಗಲ್ಲ" ಅಂತ ಇನ್ನೂ ಹಿಂದೆ ಸರಿಯುತ್ತಾರೆ. ಆರೈಕೆ ಕೇಂದ್ರದ 100 ಜನರ ವಿಷಯ ಬೇರೆ, ಅದನ್ನು ಒಪ್ಪುತ್ತೇನೆ. ಅದು ಗೊತ್ತಿರಲಿಲ್ಲ. ನನ್ನ ತಂದೆಗೆ 83. ಅವರಿಗೆ ಹೇಳುವಾಗ ನಾನು ಆ ಮಾತನ್ನೇ ಹೇಳುತ್ತೇನೆ, ಸೈಕಲ್ಲಿನ ಮಾತಲ್ಲ.

ಕಿರಿಮಗಳು:

ನಾನು ಅಮ್ಮನನ್ನು ನೋಡಿಕೊಳ್ಳುತ್ತಿರುವವಳು. ಅಮ್ಮನಿಗೆ 79. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಹೋಗುವಾಗ ತಾವೇ ನಡೆದು ಆಟೋ ಹತ್ತಿದವರು, ಬರುವಾಗ ವೀಲ್‌ಚೇರ್‌ನಲ್ಲಿ ಬಂದರು. ಸೋಂಕು ಪೂರ್ತಿ ವಾಸಿಯಾಗಿತ್ತು. ಕಾಲು ಮಾತ್ರ ಹೋಗಿತ್ತು. ಅಲ್ಲಿ ಯಾರೂ ಅವರನ್ನು ಮಂಚದಿಂದ ಇಳಿಸಲಿಲ್ಲ, ಬೀಳುತ್ತಾರೆ ಅನ್ನುವ ಭಯ.

ಮನೆಗೆ ಬಂದ ಮೇಲೆ ನಾವೂ ಹಾಗೇ ಮಾಡಿದೆವು. "ನೀವು ಕೂತಿರಿ ಅಮ್ಮ, ನಾನು ತರ್ತೀನಿ." ನೀರು ಬೇಕಾ, ಕನ್ನಡಕ ಬೇಕಾ, ಎಲ್ಲ ಕೈಗೇ ಕೊಡುತ್ತಿದ್ದೆವು. ಅಮ್ಮ ದಿನದಲ್ಲಿ ಎದ್ದು ನಿಲ್ಲುತ್ತಿದ್ದುದೇ ಬಾತ್‌ರೂಮಿಗೆ ಹೋಗುವಾಗ ಮಾತ್ರ. ಮನೆಗೆ ಬಂದು ನೋಡಿದ ಫಿಸಿಯೋ ಮೇಡಂ ಹೇಳಿದ ಮಾತು ನನ್ನನ್ನು ತಟ್ಟಿತು: "ಅವರಿಗಾಗಿ ನೀವು ಮಾಡುವ ಪ್ರತಿ ಕೆಲಸವೂ ಅವರ ವ್ಯಾಯಾಮವನ್ನು ನೀವು ಮಾಡಿದ ಹಾಗೆ." ಈಗ ನೀರಿನ ಲೋಟ ಅಮ್ಮನ ಪಕ್ಕದಲ್ಲಿ ಇಡುವುದಿಲ್ಲ. ಎದ್ದು ಹೋಗಿ ತೆಗೆದುಕೊಳ್ಳುವ ಮೇಜಿನ ಮೇಲಿಡುತ್ತೇವೆ. ಏಳಲು ಮಾತ್ರ ಕೈ ಕೊಡುತ್ತೇನೆ. ನಡೆಯುವಾಗ ಪಕ್ಕದಲ್ಲಿರುತ್ತೇನೆ, ಹಿಡಿಯುವುದಿಲ್ಲ. ಬಂದವರು ನೋಡಿ "ಪಾಪ, ಈ ವಯಸ್ಸಿನಲ್ಲಿ ಅವರ ಕೈಲಿ ಮಾಡಿಸ್ತೀರಾ" ಅನ್ನುತ್ತಾರೆ. ಅನ್ನಲಿ ಬಿಡಿ. ಅಮ್ಮ ಈಗ ವೀಲ್‌ಚೇರ್ ಬಿಟ್ಟು ವಾಕರ್ ಹಿಡಿದು ಹಾಲ್‌ವರೆಗೆ ಬರುತ್ತಾರೆ.

ಕೀಲುಮಾತು:

ಕಿರಿಮಗಳು ಅವರೇ, ನೀವು ಬರೆದದ್ದನ್ನು ಪ್ರತಿ ಮನೆಯವರೂ ಓದಬೇಕು. ಹಾಸಿಗೆ ಎಷ್ಟು ಬೇಗ ಬಲ ತಿನ್ನುತ್ತದೆ ಎಂದು ತೋರಿಸಿದ ಅಧ್ಯಯನವೊಂದು 2007ರಲ್ಲಿ ಬಂತು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ಸರಾಸರಿ ವಯಸ್ಸು 67. ಕಾಲುಗಳಿಂದಲೇ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯು ಹೋಯಿತು. ಕಾಯಿಲೆ ಇಲ್ಲದವರಿಗೇ ಹೀಗಾದರೆ ಜ್ವರ, ಸೋಂಕು ಇದ್ದವರ ಕಥೆ ಯೋಚಿಸಿ. ಯಾರಾದರೂ ಆಸ್ಪತ್ರೆ ಸೇರಿದರೆ ಮೊದಲ ದಿನವೇ ಕೇಳಿ, "ಇವರು ಯಾವಾಗಿನಿಂದ ಎದ್ದು ಕೂರಬಹುದು? ಯಾವಾಗ ನಡೆಸಬಹುದು?" ಕೇಳುವವರು ಇದ್ದರೆ ಗಮನ ಬರುತ್ತದೆ.

ಸಂಜೆಗಾಳಿ:

ಕುರ್ಚಿಯ ವ್ಯಾಯಾಮ ಶುರು ಮಾಡಿದ್ದೇನೆ. ತೊಡೆ ಹಿಡಿದುಕೊಂಡಿದೆ, ಆದರೆ ಅದು ಒಳ್ಳೆಯ ನೋವು ಅನಿಸುತ್ತಿದೆ. ನನ್ನ ವಯಸ್ಸಿಗೆ ಎಷ್ಟು ಸಲ ಏಳಲು ಬಂದರೆ ಸರಿ? ಅಳೆಯುವ ದಾರಿ ಏನಾದರೂ ಇದೆಯಾ?

ಕೀಲುಮಾತು:

ಇದೆ ಸರ್. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈಯಿಲ್ಲದ ಕುರ್ಚಿ. ಎರಡೂ ಕೈ ಎದೆಯ ಮೇಲೆ ಅಡ್ಡಲಾಗಿ ಕಟ್ಟಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಪಕ್ಕದಲ್ಲಿರುವವರು ಎಣಿಸಲಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಟ್ಟಿರುವ ಪಟ್ಟಿಯ ಪ್ರಕಾರ 65ರಿಂದ 69ರೊಳಗಿನ ಗಂಡಸರು 12ಕ್ಕಿಂತ ಕಡಿಮೆ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಸರಾಸರಿಗಿಂತ ಹಿಂದೆ ಎಂದು ಲೆಕ್ಕ. 80ರಿಂದ 84ರವರಿಗೆ ಅದು 10 ಮತ್ತು 9. ಕೈ ಊರಿದರೆ ಸೊನ್ನೆ. ಸೊನ್ನೆ ಬಂದರೆ ಬೇಜಾರು ಬೇಡ. ತಿಂಗಳಿಗೊಮ್ಮೆ ನೋಡಿ ಬರೆದಿಡಿ.

ಹತ್ತು ಸಲ ಸಲೀಸಾದ ಮೇಲೆ ಅಲ್ಲೇ ನಿಲ್ಲಬೇಡಿ. ಜನ ಸೋಲುವುದು ಹೆಚ್ಚಾಗಿ ಇಲ್ಲಿ. ವರ್ಷಗಟ್ಟಲೆ ಅದೇ ಅರ್ಧ ಕಿಲೋ ಡಂಬೆಲ್ ಎತ್ತುತ್ತಿರುತ್ತಾರೆ. ಒಂದು ಸುತ್ತು ಮುಗಿದಾಗ "ಇನ್ನು ಎರಡು ಮೂರು ಸಲ ಮಾಡಬಹುದಿತ್ತು, ಅದಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ" ಅನಿಸಬೇಕು. ಇನ್ನೂ ಇಪ್ಪತ್ತು ಮಾಡಬಲ್ಲೆ ಅನಿಸಿದರೆ ಭಾರ ಸಾಲದು. ಎದೆಗೆ ಒಂದು ಚೀಲ ಅವಚಿಕೊಂಡು ಏಳಿ, ಅಥವಾ ತಗ್ಗಿನ ಕುರ್ಚಿಗೆ ಬದಲಿಸಿ. ಸ್ವಲ್ಪ ಬಲ ಬಂದ ಮೇಲೆ ಚುರುಕಾಗಿ ಏಳಿ, ಕೂರುವುದು ಮಾತ್ರ ನಿಧಾನ. ಮೇಲೆ ಹೇಳಿದ ವೇಗದ ನಾರುಗಳಿಗೆ ಕೆಲಸ ಸಿಗುವುದು ಹಾಗೆ.

ಕಡಲಹಕ್ಕಿ:

ನಿವೃತ್ತ ನರ್ಸ್ ಆಗಿ ಎರಡು ಮಾತು ಸೇರಿಸುತ್ತೇನೆ. ಭಾರ ಎತ್ತುವಾಗ ಉಸಿರು ಕಟ್ಟಬೇಡಿ. ಉಸಿರು ಕಟ್ಟಿ ಮುಕ್ಕಿರಿದರೆ ಬಿಪಿ ಒಮ್ಮೆಲೇ ಏರುತ್ತದೆ. ಜೋರಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಆಡುತ್ತದೆ. ಬಿಪಿ 180/110 ದಾಟಿದ್ದರೆ ಅದು ಹತೋಟಿಗೆ ಬರುವವರೆಗೆ ಭಾರದ ವ್ಯಾಯಾಮ ಬೇಡ. ಎದೆ ಬಿಗಿತ, ದವಡೆಗೆ ಅಥವಾ ತೋಳಿಗೆ ಹರಿಯುವ ನೋವು, ಕಣ್ಣು ಕತ್ತಲೆ, ಮಾತಾಡಲಾಗದಷ್ಟು ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ ಸಹಾಯ ಕರೆಯಿರಿ.

ಎದ್ದ ತಕ್ಷಣ ತಲೆ ಸುತ್ತುವವರು ವ್ಯಾಯಾಮಕ್ಕಿಂತ ಮೊದಲು ತಮ್ಮ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ಎರಡೂ ಬೀಳಿಸಬಲ್ಲವು.

ಹಳೇಸೈಕಲ್:

ಸ್ಟೆಂಟ್ ಹಾಕಿದವರು ಭಾರ ಎತ್ತಬಹುದಾ? ನನಗೆ ಹಾಕಿ ಕೆಲವು ವರ್ಷ ಆಗಿದೆ. ಸೈಕಲ್ ತುಳಿಯುತ್ತೇನೆ. ಕೈಯಲ್ಲಿ ಏನನ್ನೂ ಎತ್ತಬೇಡಿ ಅಂತ ಮನೆಯವರು ಹಟ ಹಿಡಿಯುತ್ತಾರೆ.

ಕಡಲಹಕ್ಕಿ:

ಅಣ್ಣ, ನಿಮ್ಮ ಹೃದಯದ ಡಾಕ್ಟರ್ ಒಪ್ಪಿದ ಮೇಲೆ ಎತ್ತಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಕೊಟ್ಟ ಹೇಳಿಕೆಯಲ್ಲಿ, ಸ್ಥಿರವಾಗಿರುವ ಹೃದಯ ರೋಗಿಗಳಿಗೂ ಭಾರದ ವ್ಯಾಯಾಮ ಸುರಕ್ಷಿತ, ಉಪಯುಕ್ತ ಎಂದಿದೆ. ಹೃದಯದ ಪುನಶ್ಚೇತನ ಕಾರ್ಯಕ್ರಮಗಳಲ್ಲಿ ಅದನ್ನು ಮಾಡಿಸುತ್ತಾರೆ ಕೂಡ. ಹಗುರದಿಂದ ಶುರು ಮಾಡಿ, ನಿಧಾನಕ್ಕೆ ಏರಿಸಿ. ಡಾಕ್ಟರ್ ಹತ್ತಿರ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಅವರ ಭಯವೂ ಹೋಗಬೇಕಲ್ವಾ?

ತಾರಸಿತೋಟ:

ನನಗೆ ಮೂಳೆ ಸವೆತ. ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಸಾಂದ್ರತೆ ತುಂಬಾ ಕಡಿಮೆ ಬಂದಿದೆ. ಬಿದ್ದರೆ ಮುರಿಯುತ್ತದೆ ಅನ್ನುವ ಭಯದಲ್ಲೇ ಬದುಕುತ್ತಿದ್ದೇನೆ. ನಾನೂ ಭಾರ ಎತ್ತಬಹುದಾ?

ಕೀಲುಮಾತು:

ಎತ್ತಬಹುದು, ಆದರೆ ಒಬ್ಬರೇ ಶುರು ಮಾಡಬೇಡಿ. ಮೂಳೆಯೂ ಭಾರ ಬಿದ್ದರೇ ಗಟ್ಟಿಯಾಗುವುದು. ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅನ್ನುವ ಅಧ್ಯಯನ ನಡೆಯಿತು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ ಹೆಂಗಸರಿಗೆ ವಾರಕ್ಕೆ 2 ಸಲ, 30 ನಿಮಿಷ, 8 ತಿಂಗಳು ಗಟ್ಟಿ ಭಾರವನ್ನೇ ಎತ್ತಿಸಿದರು. ಅವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಹೆಚ್ಚಾಯಿತು. ಹಗುರ ವ್ಯಾಯಾಮವನ್ನು ಮನೆಯಲ್ಲಿ ಮಾಡಿದವರಲ್ಲಿ ಅದು ಇಳಿಯಿತು. ಆದರೆ ಮರೆಯಬೇಡಿ, ಅವರ ಪಕ್ಕದಲ್ಲಿ ತರಬೇತಿ ಪಡೆದವರು ನಿಂತು, ಹಂತ ಹಂತವಾಗಿ ಕಲಿಸಿ ಮಾಡಿಸಿದ್ದರು. ನೀವೂ ಅಂಥವರನ್ನು ಹುಡುಕಿ. ಅಲ್ಲಿಯವರೆಗೆ ಬೆನ್ನು ಗೂನು ಮಾಡಿ ಮುಂದಕ್ಕೆ ಬಾಗುವುದು, ಬಾಗಿಕೊಂಡೇ ಸೊಂಟ ತಿರುಗಿಸುವುದು, ಮಲಗಿ ಎದ್ದು ಕೂರುವ ಹೊಟ್ಟೆಯ ವ್ಯಾಯಾಮ, ಈ ಮೂರನ್ನು ಬಿಡಿ. ಕೆಳಗಿನ ವಸ್ತು ಎತ್ತುವಾಗ ಮಂಡಿ ಮತ್ತು ಸೊಂಟದಿಂದ ಬಾಗಿ, ಬೆನ್ನು ನೇರವಾಗಿರಲಿ.

ಇನ್ನೊಂದು. ಮೂಳೆ ಮುರಿಯುವುದು ಹೆಚ್ಚಾಗಿ ಬಿದ್ದಾಗ. ಹಾಗಾಗಿ ನಿಮಗೆ ಬ್ಯಾಲೆನ್ಸ್ ಅಭ್ಯಾಸ ಭಾರದಷ್ಟೇ ಮುಖ್ಯ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ ಕಾಕ್ರನ್ ಎಂಬ ಸಂಶೋಧಕರ ಜಾಲದ 2019ರ ವಿಮರ್ಶೆಯಲ್ಲಿ, ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆಯಾಗುತ್ತದೆ ಎಂದು ಕಂಡುಬಂತು. ಅದರಲ್ಲಿ ಹೆಚ್ಚು ನಂಬಿಕೆಗೆ ಬಂದದ್ದು ಬ್ಯಾಲೆನ್ಸ್ ಮತ್ತು ದಿನದ ಕೆಲಸಗಳನ್ನು ಹೋಲುವ ವ್ಯಾಯಾಮಗಳೇ. ಅಡುಗೆಮನೆ ಕಟ್ಟೆಯ ಪಕ್ಕ ನಿಂತು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ನಿಲ್ಲುವುದರಿಂದ ಶುರು ಮಾಡಿ. ಆಮೇಲೆ ಒಂದು ಕಾಲಿನ ಮೇಲೆ. ಕೈ ಕಟ್ಟೆಯ ಹತ್ತಿರವೇ ಇರಲಿ. ಸ್ವಲ್ಪ ಅಲ್ಲಾಡಬೇಕು, ಅಲ್ಲಾಡದಿದ್ದರೆ ಅಭ್ಯಾಸವೇ ಆಗುತ್ತಿಲ್ಲ.

ನಡುಮನೆ:

ನಾನು ಒಬ್ಬಳೇ ಇರುವವಳು, ವಯಸ್ಸು 76. ಬೀಳುವುದಕ್ಕಿಂತ ಬಿದ್ದ ಮೇಲೆ ಏಳಲಾಗದೆ ಅಲ್ಲೇ ಬಿದ್ದಿರಬೇಕಾಗುತ್ತೇನೋ ಅನ್ನುವ ಹೆದರಿಕೆ ನನಗೆ ಜಾಸ್ತಿ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕಡಲಹಕ್ಕಿ:

ಅಕ್ಕ, ನಿಮ್ಮ ಹೆದರಿಕೆಗೆ ಅರ್ಥವಿದೆ. ಒಂದು ಗಂಟೆಗಿಂತ ಹೆಚ್ಚು ನೆಲದ ಮೇಲೆ ಬಿದ್ದಿದ್ದರೆ ಮೈ ತಣ್ಣಗಾಗುವುದು, ನೀರಿನಂಶ ಕಡಿಮೆಯಾಗುವುದು, ಒತ್ತಿದ ಕಡೆ ಚರ್ಮ ಮತ್ತು ಸ್ನಾಯು ಹಾಳಾಗುವುದು, ಎಲ್ಲ ಶುರುವಾಗುತ್ತದೆ. ಏಟಾಗದಿದ್ದರೂ ಏಳಲು ಬಾರದೆ ಹೀಗಾಗುವವರು ಬಹಳ. ನೆಲದಿಂದ ಏಳುವುದನ್ನು ಕಲಿಯಬಹುದು. ಚೆನ್ನಾಗಿರುವ ದಿನವೇ, ಯಾರಾದರೂ ಪಕ್ಕದಲ್ಲಿದ್ದಾಗ ಕಲಿಯಿರಿ.

ಬಿದ್ದ ತಕ್ಷಣ ಗಡಿಬಿಡಿಯಲ್ಲಿ ಏಳಬೇಡಿ. ಹಾಗೇ ಮಲಗಿ ಉಸಿರಾಡಿ. ತಲೆ, ಸೊಂಟ, ಮಣಿಕಟ್ಟು ನೋಡಿಕೊಳ್ಳಿ. ಕಾಲು ಅಲ್ಲಾಡಿಸಿದರೆ ತೊಡೆಯ ಸಂದಿನಲ್ಲಿ ಜೋರು ನೋವು ಬಂದರೆ ಏಳುವ ಪ್ರಯತ್ನವೇ ಬೇಡ, ಸಹಾಯ ಕರೆಯಿರಿ. ಪೆಟ್ಟಾಗಿಲ್ಲ ಅನಿಸಿದರೆ ಒಂದು ಮಗ್ಗುಲಿಗೆ ಹೊರಳಿ. ಮೇಲಿನ ಕೈಯನ್ನು ಎದೆಯ ಮುಂದೆ ನೆಲಕ್ಕೆ ಊರಿ, ಕೆಳಗಿನ ಮೊಣಕೈ ಮೇಲೆ ಎದ್ದುಕೊಳ್ಳಿ. ಅಲ್ಲಿಂದ ಎರಡೂ ಕೈ, ಎರಡೂ ಮಂಡಿಯ ಮೇಲೆ ಬನ್ನಿ. ಗಟ್ಟಿ ಕುರ್ಚಿಯವರೆಗೆ ಅಂಬೆಗಾಲಿಡಿ. ಎರಡೂ ಕೈ ಕುರ್ಚಿಯ ಸೀಟಿನ ಮೇಲೆ. ಬಲ ಹೆಚ್ಚಿರುವ ಕಾಲಿನ ಪಾದವನ್ನು ಮುಂದಕ್ಕೆ ತಂದು ನೆಲಕ್ಕೆ ಪೂರ್ತಿ ಊರಿ. ಕೈ ಮತ್ತು ಆ ಕಾಲು ಎರಡರಿಂದಲೂ ಒತ್ತಿ ಎದ್ದು, ತಿರುಗಿ ಕುರ್ಚಿಯ ಮೇಲೆ ಕೂರಿ. ಕೂಡಲೇ ನಿಲ್ಲಬೇಡಿ, ಸ್ವಲ್ಪ ಹೊತ್ತು ಅಲ್ಲೇ ಇರಿ.

ಮೊಬೈಲ್ ಅನ್ನು ಮೇಜಿನ ಮೇಲಲ್ಲ, ಮೈಮೇಲೆ ಜೇಬಿನಲ್ಲೋ ಕೊರಳಲ್ಲೋ ಇಟ್ಟುಕೊಳ್ಳಿ. ದಿನಕ್ಕೊಂದು ಹೊತ್ತು ನಿಗದಿ ಮಾಡಿ ಯಾರಾದರೂ ಫೋನ್ ಮಾಡುವ ಏರ್ಪಾಟು ಇರಲಿ. ಬಿದ್ದದ್ದನ್ನು ಮುಚ್ಚಿಡಬೇಡಿ. "ಇನ್ನು ಒಬ್ಬರೇ ಇರಬೇಡಿ ಅಂತಾರೆ" ಎಂದು ಹೆದರಿ ಮುಚ್ಚಿಡುವವರನ್ನು ನಾನು ಬಹಳ ನೋಡಿದ್ದೇನೆ. ಯಾಕೆ ಬಿದ್ದಿರಿ ಅನ್ನುವುದು ಡಾಕ್ಟರಿಗೆ ಗೊತ್ತಾದರೆ ತಾನೇ ಮುಂದಿನದನ್ನು ತಪ್ಪಿಸಲು ಸಾಧ್ಯ?

ನಡುಮನೆ:

ಇದನ್ನು ಬರೆದುಕೊಂಡೆ ತಂಗಿ. ಭಾನುವಾರ ಮಗಳು ಬರುತ್ತಾಳೆ, ಅವಳೆದುರು ಮಾಡಿ ನೋಡುತ್ತೇನೆ.

ಮಲ್ಲಿಗೆಬಳ್ಳಿ:

ಊಟದ ಬಗ್ಗೆ ಒಂದು ಪ್ರಶ್ನೆ. ಪ್ರೋಟೀನ್ ಪುಡಿ ತೆಗೆದುಕೊಳ್ಳಬೇಕಾ?

ಕೀಲುಮಾತು:

ಪುಡಿಯೇ ಆಗಬೇಕೆಂದಿಲ್ಲ. ಆರೋಗ್ಯವಂತ ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂಬುದು ತಜ್ಞರ ಗುಂಪೊಂದು 2013ರಲ್ಲಿ ಕೊಟ್ಟ ಸಲಹೆ. 60 ಕಿಲೋ ಇದ್ದರೆ 60ರಿಂದ 72 ಗ್ರಾಂ. ಒಂದೇ ಹೊತ್ತಿಗೆ ತಿನ್ನದೆ ಮೂರು ಹೊತ್ತಿಗೂ ಹಂಚಿಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬಾರದು.

ಹಳೇಸೈಕಲ್:

ಕೈಹಿಡಿತದ ಬಲ ಕಡಿಮೆ ಇದ್ದರೆ ಆಯಸ್ಸು ಕಡಿಮೆ ಅಂತ ಎಲ್ಲೋ ಓದಿ, ನನ್ನ ಗೆಳೆಯರೊಬ್ಬರು ದಿನವಿಡೀ ರಬ್ಬರ್ ಚೆಂಡು ಹಿಸುಕುತ್ತಾ ಕೂರುತ್ತಾರೆ. ಅದು ಸರಿಯಾ?

ಕೀಲುಮಾತು:

17 ದೇಶಗಳ ಸುಮಾರು 1.4 ಲಕ್ಷ ಜನರನ್ನು ನೋಡಿದ ಅಧ್ಯಯನ ಅದು, 2015ರದ್ದು. ಹಿಡಿತ ಪ್ರತಿ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ 16 ಹೆಚ್ಚು ಎಂದು ಕಂಡಿತ್ತು. ಆದರೆ ಹಿಡಿತ ಇಡೀ ಮೈಯ ಬಲದ ಸೂಚನೆ ಅಷ್ಟೇ. ಅಂಗೈ ಒಂದನ್ನೇ ಗಟ್ಟಿ ಮಾಡಿದರೆ ಮಿಕ್ಕ ಮೈ ಗಟ್ಟಿಯಾಗುವುದಿಲ್ಲ. ಆ ಸಮಯದಲ್ಲಿ ಅವರನ್ನು ಎಬ್ಬಿಸಿ, ಎರಡು ಚೀಲ ಕೊಟ್ಟು ನಡೆಸಿ. ಹಿಡಿತವೂ ಬರುತ್ತದೆ, ಕಾಲೂ ಗಟ್ಟಿಯಾಗುತ್ತದೆ.

ನೇರನುಡಿ:

ಅಪ್ಪನಿಗೆ ಹೇಳಿ ನೋಡಿದೆ. "ಈ ವಯಸ್ಸಲ್ಲಿ ನಂಗ್ಯಾಕೋ ಕಸರತ್ತು" ಅಂದರು. ಒತ್ತಾಯ ಮಾಡಲು ಮನಸ್ಸಿಲ್ಲ. ಹೇಗೆ ಒಪ್ಪಿಸಿದಿರಿ ನೀವೆಲ್ಲ?

ಕಿರಿಮಗಳು:

ಅಣ್ಣ, ವ್ಯಾಯಾಮ ಅನ್ನುವ ಮಾತನ್ನೇ ನಾನು ತೆಗೆಯಲಿಲ್ಲ. ಅಮ್ಮನಿಗೆ ಮರಿಮಗುವನ್ನು ನಿಂತುಕೊಂಡು ಎತ್ತಿಕೊಳ್ಳಬೇಕು ಅಂತ ಆಸೆ. "ಅದಕ್ಕೆ ಕಾಲು ಗಟ್ಟಿ ಬೇಕಲ್ವಾ ಅಮ್ಮ" ಅಂದೆ. ನಿಮ್ಮ ತಂದೆಗೆ ಏನು ಮಾಡಲು ಆಸೆಯಿದೆ, ಈಗ ಏನು ಆಗುತ್ತಿಲ್ಲ, ಅದನ್ನು ಕೇಳಿ. ಟೀವಿಯಲ್ಲಿ ಜಾಹೀರಾತು ಬಂದಾಗ ಅಮ್ಮನಿಗೆ ಕೈ ಕೊಟ್ಟು ಎಬ್ಬಿಸಿ, ನಾನೂ ಜೊತೆಗೆ ಎದ್ದು ಕೂರುತ್ತೇನೆ. ಒಬ್ಬರೇ ಮಾಡು ಅಂದರೆ ಅವರಿಗೆ ಶಿಕ್ಷೆ ಅನಿಸುತ್ತದೆ.

ಕೀಲುಮಾತು ಅವರಿಗೆ ನನ್ನದೂ ಒಂದು ಪ್ರಶ್ನೆ. ಅಮ್ಮ ಇನ್ನೂ ಮಾಮೂಲಿ ಕುರ್ಚಿಯಿಂದ ಕೈ ಊರಿದರೂ ಒಂದು ಸಲವೂ ತಾವಾಗಿ ಏಳಲಾರರು. ನಾನು ಕಂಕುಳಿಗೆ ಕೈ ಕೊಟ್ಟು ಎತ್ತಬೇಕು. ಇಂಥವರಿಗೆ ಎಲ್ಲಿಂದ ಶುರು?

ಕೀಲುಮಾತು:

ಮೊದಲು ಕಂಕುಳಿಗೆ ಕೈ ಕೊಟ್ಟು ಎಳೆಯುವುದನ್ನು ನಿಲ್ಲಿಸಿ. ಅವರ ಭುಜಕ್ಕೂ ನಿಮ್ಮ ಸೊಂಟಕ್ಕೂ ಪೆಟ್ಟು. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ, ಸೀಟಿನ ಮೇಲೆ ಕಂಬಳಿಗಳನ್ನು ಬಿಗಿಯಾಗಿ ಮಡಚಿ ಜಾರದಂತೆ ಇಡಿ. ಮೆತ್ತನೆಯ ದಿಂಬು ಬೇಡ, ಅದು ಕುಸಿಯುತ್ತದೆ. ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಎತ್ತರ ಇರಲಿ. ಅವರು ಕೈ ಊರಿ ತಾವಾಗಿ ಏಳಬಲ್ಲ ಎತ್ತರ ಸಿಕ್ಕರೆ ಅಲ್ಲಿಂದ ಶುರು. ಮುಂದೆ ವಾಕರ್ ಇರಲಿ, ಆದರೆ ಅದನ್ನು ಹಿಡಿದು ಎಳೆದುಕೊಂಡು ಏಳುವುದು ಬೇಡ, ಅದು ಮಗುಚುತ್ತದೆ. ಕುರ್ಚಿಯ ಕೈಯನ್ನೇ ಒತ್ತಿ ಎದ್ದು, ಆಮೇಲೆ ವಾಕರ್ ಹಿಡಿಯಲಿ. ನೀವು ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಲ್ಲಿ. ಒಂದು ಸಲಕ್ಕೆ ಮೂರೋ ನಾಲ್ಕೋ ಬಾರಿ ಸಾಕು, ದಿನದಲ್ಲಿ ಎರಡು ಮೂರು ಹೊತ್ತು. ಅದು ಸಲೀಸಾಗಿ ಹತ್ತು ಸಲ ಬಂದ ಮೇಲೆ ಒಂದು ಕಂಬಳಿ ತೆಗೆಯಿರಿ.